ಮನೆಗೆ ಕಳಿಸಿದ ಜೋಳ

ಉದಗೀರ
೯ ಜೂನ್ ೨೦೨೪

ಪ್ರಿಯ ಮೀನಲ,

ಫೋನ್ ಮಾಡಬಹುದಿತ್ತು. ಆದರೆ ಯೆಣೆಗೂರಿನ ನಿಮ್ಮ ಮನೆಯಲ್ಲಿ ಫೋನು ಪಡಸಾಲೆಯ ಗೂಡಿನಲ್ಲಿ ಚಾರ್ಜಿಗೆ ಬಿದ್ದಿರುತ್ತದೆ, ಎತ್ತಿದವರದೇ ಅದು. ನಿನ್ನ ಅತ್ತೆ ರಂಭಾಬಾಯಿ ಎತ್ತಿದರೆ ನಾನು ಮಳೆ, ಸೋಯಾಬೀನು, ಅವರ ಮೊಣಕಾಲು ಎಲ್ಲವನ್ನೂ ವಿಚಾರಿಸಿ, ಹೇಳಬೇಕಾದ್ದನ್ನು ಹೇಳದೆ ಇಟ್ಟುಬಿಡುತ್ತೇನೆ. ನಿಮ್ಮ ಮನೆಯಲ್ಲಿ ಕನ್ನಡ ಎಲ್ಲರ ಬಾಯಲ್ಲಿದೆ, ಆದರೆ ಎಲ್ಲರೂ ಕಲಿತದ್ದು ಮರಾಠಿ ಶಾಲೆ, ಕನ್ನಡ ಓದಲು ಬರುವುದು ನಿನಗೊಬ್ಬಳಿಗೆ. ಉಮರ್ಗಾದ ಇಂಗ್ಲಿಷ್ ಶಾಲೆಯಿಂದ ಬಸ್ಸಿಳಿದು ಬಂದು, ನಮ್ಮೂರು ಮುರುಮಿನಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಅಪ್ಪನ ಮುಂದೆ ಇಬ್ಬರೂ ಕಲಿತ ಅಕ್ಷರ ಇಷ್ಟಕ್ಕಾದರೂ ಬರಲಿ.

ವಿಷಯ ಗುರುದೇವನದು. ನನ್ನ ತಮ್ಮ ಈಗ ಆರಾಮಾಗಿದ್ದಾನೆ. ಕಳೆದ ಕಾರ್ತೀಕದಲ್ಲಿ ನಿಮ್ಮ ಮನೆಯ ಹಿರಿಯಜ್ಜಿಯ ಮಣ್ಣಿನ ದಿನ ಆದದ್ದನ್ನು ನಾನು ನಿನಗೆ ಹೇಳಬೇಕಿಲ್ಲ. ಅಪ್ಪನ ನಂತರ ನಿಮ್ಮ ಮನೆತನದ ಜಂಗಮ ಅಯ್ಯ ಅವನೇ ಆದ್ದರಿಂದ ಕ್ರಿಯೆಗೆಂದು ಕುಣಿಯೊಳಗೆ ಇಳಿದ, ಮುಗಿದ ಮೇಲೂ ಮೇಲೆ ಬರದೆ ಅಜ್ಜಿಯ ಪಕ್ಕದಲ್ಲೇ ಕೂತುಬಿಟ್ಟ. ಆಮೇಲಿನ ಆಸ್ಪತ್ರೆ, ಚಳಿಗಾಲ, ಗುಳಿಗೆ ಎಲ್ಲ ಕಳೆಯಿತು. ನಿಲಂಗಾದಲ್ಲಿ ಶನಿವಾರಕ್ಕೊಮ್ಮೆ ಕೂರುವ ಮನೋವೈದ್ಯರಿಗೆ ತೋರಿಸುತ್ತಿದ್ದೇವೆ. ನಾನು ಇಲ್ಲಿಂದ ಹೋಗುತ್ತೇನೆ, ಅವನು ಮುರುಮಿನಿಂದ ಬರುತ್ತಾನೆ, ಬಸ್ ನಿಲ್ದಾಣದಲ್ಲಿ ಭೇಟಿ. ಹೋದ ವಾರ ವೈದ್ಯರು, "ಇನ್ನು ಕೆಲಸಕ್ಕೆ ಹಚ್ಚಿ. ಗುಳಿಗೆಯಿಂದ ಆಗುವಷ್ಟು ಆಗಿದೆ, ಉಳಿದದ್ದು ಅವನ ಕೆಲಸದಿಂದಲೇ ಆಗಬೇಕು" ಎಂದರು. ಮೊದಲು ಸಣ್ಣದೊಂದು, ಜೊತೆಗೊಬ್ಬರು, ಮಧ್ಯಾಹ್ನ ವಿಶ್ರಾಂತಿ. ಮಣ್ಣಿನ ಕೆಲಸ ಸದ್ಯಕ್ಕೆ ಬೇಡ.

ನಾನು ಪಾಠ ಹೇಳುವವಳು. ಅನಾರೋಗ್ಯದ ರಜೆ ಮುಗಿದರೆ ಕಾಲೇಜಿಗೆ ಹೋಗಿ ಸಹಿ ಹಾಕುತ್ತೇನೆ, ಅಲ್ಲಿಗೆ ಮುಗಿಯಿತು. ಅಯ್ಯನ ಕೆಲಸ ಹಾಗಲ್ಲ. ಯಾರಾದರೂ ಕರೆಯಬೇಕು. ನಿಮ್ಮ ಮನೆ ಕರೆದರೆ ಯೆಣೆಗೂರು ಕರೆಯುತ್ತದೆ, ನಿಮ್ಮ ಮನೆ ಕರೆಯದಿದ್ದರೆ ಯಾರೂ ಕರೆಯುವುದಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಒಂದು ಲಿಂಗಪೂಜೆ, ಒಂದು ಹೆಸರಿಡುವ ಕಾರ್ಯ, ಯಾವುದಾದರೂ ಸರಿ.

ನೀನು ತಿಂಗಳು ತಪ್ಪದೆ ಮುರುಮಿಗೆ ಕಳಿಸುತ್ತಿರುವ ಜೋಳದ ಚೀಲಕ್ಕೆ ಹೇಗೆ ಉಪಕಾರ ಹೇಳಲಿ? ಮಗಳ ದುಡ್ಡು ಮುಟ್ಟದ ಅವ್ವ ಆ ಚೀಲದ ಮೇಲೆಯೇ ಮನೆ ನಡೆಸುತ್ತಿದ್ದಾಳೆ.

ನಿನ್ನ
ಶೀತಲ್


ಯೆಣೆಗೂರ
೨೩ ಜೂನ್ ೨೦೨೪

ಅಯ್ಯನೋರ ಮಗಳಿಗೆ ಶರಣು,

ಪತ್ರ ತಂದ ಟಪಾಲಿನವನನ್ನು ನಮ್ಮತ್ತೆ ಅಂಗಳದಲ್ಲೇ ತಡೆದು, "ಇದೇನ್ ಕಾನಡಿ ಅಕ್ಷರಾ, ಮಂತ್ರ ಬರದಂಗ ಅದ. ಯಾರ ಮ್ಯಾಲ ಮಾಟಾ ಮಾಡ್ಸಲತ್ತೀ ಸೊಸಿ?" ಎಂದು ಕೇಳಿದರು. ನಿಮ್ಮ ಮೇಲೆಯೇ ಅತ್ತಿ ಅಂದೆ. ನಕ್ಕರು. ನಗುವ ದಿನ ಅವರಷ್ಟು ಒಳ್ಳೆಯವರಿಲ್ಲ.

ಗುರುದೇವ ಆರಾಮಾದದ್ದು ಓದಿ ಕಣ್ಣು ತುಂಬಿತು. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನ ಕಂಕುಳಲ್ಲಿ ಬೆಳೆದವನು. ನನ್ನ ಮೈದುನ ನೀಲೇಶನ ಹೆಂಡತಿ ದೀಪಾಲಿಗೆ ಹೆಣ್ಣುಕೂಸು ಹುಟ್ಟಿದೆ. ಶ್ರಾವಣದಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಟ್ಟು, ಲಿಂಗ ಕಟ್ಟಿಸುವುದು. ಗುರುದೇವನನ್ನೇ ಕರೆಸೋಣ ಎಂದು ನಾನು ಊಟಕ್ಕೆ ಬಡಿಸುವಾಗ ಎಲ್ಲರ ಮುಂದೆ ಹೇಳಿದೆ. ಮಾವ ಮನ್ಮಥಪ್ಪನವರು ಅತ್ತೆಯ ಮುಖ ನೋಡಿದರು. ಅತ್ತೆ, "ನೋಡೂಣು" ಅಂದರು. ನನ್ನ ಗಂಡ ನಾಗನಾಥ ಇನ್ನೊಂದು ರೊಟ್ಟಿ ಕೇಳಿದ.

ನಾನು ಬಿಡುವುದಿಲ್ಲ, ಮತ್ತೆ ಕೇಳುತ್ತೇನೆ. ಚೀಲದ ಮಾತು ಬಿಡು. ಅದು ಅತ್ತೆಯೇ ಕಳಿಸುವುದು, ನನ್ನದೇನೂ ಇಲ್ಲ.

ನಿನ್ನ
ಮೀನಲ


ಉದಗೀರ
೧೪ ಜುಲೈ ೨೦೨೪

ಪ್ರಿಯ ಮೀನಲ,

ನಿನ್ನೆ ನಿಲಂಗಾದಿಂದ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ವೈದ್ಯರ ಬಳಿಯಿಂದ ಬಂದವಳೆಂದು ಗೊತ್ತಾಯಿತೋ ಏನೋ.

ಗುರುದೇವನಿಗೆ ಹೇಳಿಬಿಟ್ಟೆ. ನಿಲ್ದಾಣದ ಚಹಾದಂಗಡಿಯಲ್ಲಿ ಕೂತಿದ್ದೆವು. "ಯೆಣೆಗೂರಾಗ ಕೂಸಿನ ಕಾರ್ಯ ಅದ, ನಿನಗ ಕರೀತಾರ" ಅಂದೆ. ಅವನು ಬಶಿ ಕೆಳಗಿಟ್ಟು, "ಖರೇನು? ರಂಭಾಬಾಯಿ ಹೂಂ ಅಂದಾಳೇನು?" ಎಂದು ಕೇಳಿದ. ಹೂಂ ಅಂದಾರ ಎಂದೆ. ಅವನು ತನ್ನ ಕೈ ಚಾಚಿ ತೋರಿಸಿದ. ಗುಳಿಗೆಯಿಂದ ಬೆರಳು ಸಣ್ಣಗೆ ನಡುಗುತ್ತವೆ. "ಅಕ್ಕಾ, ಪಾದೋದಕ ನಾ ಕೊಡೂದು ಬ್ಯಾಡ, ತಾನೇ ಸಿಡೀತದ. ನಾಕು ಮನಿ ಮಂದೀಗಿ ಒಮ್ಮೇ ತೀರ್ಥ" ಎಂದ. ಆ ಕಾರ್ತೀಕದ ನಂತರ ಅವನು ಮಾಡಿದ ಮೊದಲ ತಮಾಷೆ ಅದು, ಮೀನಲ.

ಈಗ ದಿನವೂ ಅಭ್ಯಾಸ ಮಾಡುತ್ತಾನಂತೆ. ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದರೆ ನೀರು ಚೆಲ್ಲುವುದಿಲ್ಲ ಎಂದು ಕಂಡುಕೊಂಡಿದ್ದಾನೆ. ಲಿಂಗ ಕಟ್ಟುವ ದಾರದ ಗಂಟನ್ನು ಅವ್ವನ ಬೆರಳಿಗೆ ಹಾಕಿ ಬಿಚ್ಚಿ ಹಾಕಿ ನೋಡುತ್ತಾನೆ. ಅವ್ವ ಬೈಯುತ್ತಾಳೆ, ಕೈ ಮಾತ್ರ ಹಿಂದೆ ತೆಗೆಯುವುದಿಲ್ಲ.

ಬೇರೆ ಯಾವ ದಾರಿಯೂ ಬೇಕಾಗುವುದಿಲ್ಲ ಅನಿಸುತ್ತಿದೆ. ಅತಿಯಾಗಿ ಆಶೆ ಪಡುತ್ತಿದ್ದೇನೆಯೇ? ನನ್ನ ಸ್ವಭಾವ ನಿನಗೆ ಗೊತ್ತು, ಒಳ್ಳೆಯದಾಗುತ್ತಿದ್ದರೂ ಎಲ್ಲಿ ತಪ್ಪಿದೆ ಎಂದು ಹುಡುಕುವವಳು. ಈ ಸಲ ಹುಡುಕುವುದಿಲ್ಲ.

ಶೀತಲ್


ಉದಗೀರ
೧೩ ಆಗಸ್ಟ್ ೨೦೨೪

ಮೀನಲ,

ನಿನ್ನೆ ಶ್ರಾವಣ ಸೋಮವಾರ, ನಿಮ್ಮ ಮನೆಯ ಕೂಸಿನ ಕಾರ್ಯದ ದಿನ. ನನ್ನ ತಮ್ಮ ನಸುಕಿಗೇ ಎದ್ದಿದ್ದಾನೆ. ಆ ಗುಳಿಗೆ ನುಂಗಿ ಮಲಗಿದವರಿಗೆ ನಸುಕಿಗೆ ಏಳುವುದೆಂದರೆ ಕೆಸರಿನೊಳಗಿಂದ ಗಾಡಿ ಎಳೆದಂತೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಅಪ್ಪನ ಕಾವಿ ರುಮಾಲು ಸುತ್ತಿ, ಕಟ್ಟೆಯ ಮೇಲೆ ಬಂದು ಕೂತಿದ್ದಾನೆ. ಅವ್ವ ಉಪ್ಪಿಟ್ಟು ಮಾಡಿಟ್ಟರೆ, ಕಾರ್ಯ ಮುಗಿಯುವವರೆಗೆ ಬೇಡ ಎಂದಿದ್ದಾನೆ. ದಾರಿಯಲ್ಲಿ ಹೋಗುವವರೆಲ್ಲ, "ಏನ್ರಿ ಅಯ್ಯನೋರ, ತಯಾರ್ ಆಗೀರಿ?" ಎಂದು ಕೇಳಿದ್ದಾರೆ. ಪ್ರತಿಯೊಬ್ಬರಿಗೂ, "ಹೌದ್ರಿ, ಯೆಣೆಗೂರಿಗಿ ಹೊಂಟೀನಿ" ಎಂದಿದ್ದಾನೆ.

ಬಿಸಿಲು ಇಳಿಯುವ ಹೊತ್ತಿಗೆ ಮೋಟಾರ್ ಸೈಕಲ್ ಬಂತು. ಕರೆದೊಯ್ಯಲು ಬಂದರೆಂದು ಎದ್ದು ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡ. ನಿನ್ನ ಮೈದುನ ನೀಲೇಶ ಇಳಿದು, ಹಿಂದೆ ಕಟ್ಟಿದ್ದ ಜೋಳದ ಚೀಲ ಬಿಚ್ಚಿ ಕಟ್ಟೆಗೆ ಇಟ್ಟ. ಅದರ ಮೇಲೊಂದು ಹೊಸ ಧೋತರ. "ಕಾರ್ಯ ಛಲೋ ಆಯ್ತ್ರಿ ಅಯ್ಯನೋರ. ಉಮರ್ಗಾದಿಂದ ವಿರೂಪಾಕ್ಷಯ್ಯನೋರು ಬಂದಿದ್ರು. ನಿಮಗ ಆರಾಮ ತೊಗೊಳ್ರಿ ಅಂತ ಅವ್ವ ಹೇಳ್ಯಾಳ."

ಆರಾಮ ತೊಗೊಳ್ರಿ! ಎದ್ದು ನಿಂತ ಮನುಷ್ಯನಿಗೆ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಮೆಟ್ಟಿಲಿಳಿದವನಿಗೆ.

ಅವ್ವ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ನಾನು ಪೆದ್ದಿಯ ಹಾಗೆ, "ಕರೀಲಿಲ್ಲ ಖರೇ, ಆದರ ಜ್ವಾಳಾರೆ ಕಳಿಸ್ಯಾರಲ್ಲ ಅವ್ವಾ" ಎಂದೆ. ಅವ್ವ ಹೇಳಿದಳು: "ನಿನಗ ಇಂಗ್ಲೀಷ್ ಸಾಲಿ ಕಲಿಸಿದ್ದೇ ತಪ್ಪಾಯ್ತು ನೋಡ್. ಚೀಲಾ ಅಯ್ಯನ ಮನಿಗಿ ಯಾವಾಗ ಬರ್ತದ ಅಂಬೂದು ತಿಳೀದೇನು? ಜೀವಂತ ಅಯ್ಯ ತಾನೇ ಭಕ್ತರ ಬಾಗಿಲಿಗಿ ಹೋಗ್ತಾನ, ಮನಿ ಹೆಣ್ಮಗಳು ಮೊರದಾಗ ತಂದು ಜೋಳಿಗ್ಯಾಗ ಹಾಕ್ತಾಳ. ಚೀಲಾ ಮನಿಗಿ ಬರೂದು ಅಯ್ಯ ಸತ್ತ ಮನಿಗಿ. ನಿಮ್ಮ ಅಜ್ಜ ಹೋದಾಗ, ನಿಮ್ಮ ಅಪ್ಪ ಇನ್ನಾ ಸಣ್ಣಾಂವ ಇದ್ದಾಗ ನಮ್ಮತ್ತೀಗಿ ಹಿಂಗೇ ಬರ್ತಿತ್ತಂತ."

ಅಮ್ಮಂದಿರು ಎಷ್ಟು ನುಂಗುತ್ತಾರೆ ನೋಡು. ಚಳಿಗಾಲದಿಂದ ಆ ಜೋಳವನ್ನು ಹಸನು ಮಾಡಿ, ಬೀಸಿಸಿ, ರೊಟ್ಟಿ ಬಡಿದು ಮಗನಿಗೆ ಉಣ್ಣಿಸಿದ್ದಾಳೆ, ಅದೇನೆಂದು ಗೊತ್ತಿದ್ದೂ. ಅವನೂ ಗೊತ್ತಿದ್ದೇ ಉಂಡಿದ್ದಾನೆ. ಗೊತ್ತಿಲ್ಲದವಳು ನಾನೊಬ್ಬಳೇ. ಉಪಕಾರ ಎಂದು ನಿನಗೆ ಬರೆದೆ. ಬದುಕಿರುವವನನ್ನು ನೀವು ತಿಂಗಳು ತಿಂಗಳು ಹೂಳುತ್ತಿದ್ದೀರಿ, ನಾನು ಕೈ ಮುಗಿದು ಉಪಕಾರ ಎಂದೆ!

ಅವನನ್ನು ಬೈದಿದ್ದರೆ, ಬಡಿದಿದ್ದರೆ, ಹುಚ್ಚ ಎಂದು ಎದುರಿಗೇ ಕರೆದಿದ್ದರೆ ನಾನು ಇಷ್ಟು ಕುದಿಯುತ್ತಿರಲಿಲ್ಲ. ನಿಮ್ಮದು ಕರುಣೆ. ಅದರ ಮೇಲೆ ಹೊಸ ಧೋತರ ಬೇರೆ. ಕರುಣೆಗೆ ಉತ್ತರ ಕೊಡುವುದು ಹೇಗೆಂದು ನನಗೆ ಯಾವ ಶಾಲೆಯಲ್ಲೂ ಕಲಿಸಿಲ್ಲ.

ನೀನು ಎಲ್ಲಿದ್ದೆ? ವಿರೂಪಾಕ್ಷಯ್ಯನ ಪಾದಕ್ಕೆ ನೀರು ಹಾಕಿದ ತಂಬಿಗೆ ಯಾರ ಕೈಯಲ್ಲಿತ್ತು?

ಶೀತಲ್


ಉದಗೀರ
೧ ಸೆಪ್ಟೆಂಬರ್ ೨೦೨೪

ಮೀನಲ,

ಉತ್ತರ ಬಂದಿಲ್ಲ. ಬರದಿರುವುದೂ ಒಂದು ಉತ್ತರವೇ ಇರಬೇಕು.

ಅಂದಿನಿಂದ ಗುರುದೇವ ಕಟ್ಟೆಗೆ ಬಂದು ಕೂತಿಲ್ಲ. ಮುಂಬಾಗಿಲು ಬಿಟ್ಟು ಹಿತ್ತಲಿನಿಂದ ಓಡಾಡುತ್ತಾನೆ. ಗಿಂಡಿಯನ್ನು ತೊಳೆದು ಬೋರಲು ಇಟ್ಟಿದ್ದಾನೆ. ಗುಳಿಗೆ ಬಿಟ್ಟಿಲ್ಲ, ಅದೊಂದೇ ಸಮಾಧಾನ. ಆ ಚೀಲವನ್ನು ಅವ್ವ ಬಿಚ್ಚಿಲ್ಲ. ನಾನು ಕಳಿಸಿದ ದುಡ್ಡನ್ನು ಈ ಸಲ ಏನೂ ಅನ್ನದೆ ಇಟ್ಟುಕೊಂಡಳು. ಸ್ವಂತ ತಾಯಿ ತನ್ನ ದುಡ್ಡು ಮುಟ್ಟಿದಳಲ್ಲ ಎಂದು ಅಳುವ ಮಗಳನ್ನು ನೀನು ನೋಡಿದ್ದೀಯಾ?

ನಿನಗೆ ಬರೆಯುವುದಕ್ಕೆ ಇನ್ನೇನೂ ಇಲ್ಲ.

ಶೀತಲ್


ಯೆಣೆಗೂರ
೮ ಸೆಪ್ಟೆಂಬರ್ ೨೦೨೪

ಶೀತಲ್,

ಬರೆಯುವುದಕ್ಕೆ ನಿನಗಿಲ್ಲ, ನನಗಿದೆ. ಪೂರ್ತಿ ಓದು.

ತಂಬಿಗೆ ನನ್ನ ಕೈಯಲ್ಲಿತ್ತು. ಹಿರಿಸೊಸೆಯ ಕೈಯಲ್ಲಲ್ಲದೆ ಇನ್ಯಾರ ಕೈಯಲ್ಲಿ ಇರುತ್ತದೆ? ವಿರೂಪಾಕ್ಷಯ್ಯ ಜೀಪಿನಿಂದ ಇಳಿದಾಗಲೇ ನನಗೆ ಗೊತ್ತಾದದ್ದು. ನಾನು ಒಳಗೆ ಹೋಗಿ ಅತ್ತೆಯನ್ನು ಕೇಳಿದೆ. "ಕೂಸಿನ ಕಾರ್ಯ ಅದ. ಕುಣ್ಯಾಗ ಕುಂತ ಕೈಲೆ ಕೂಸಿಗಿ ಲಿಂಗಾ ಕಟ್ಟಸ್ಲೇನು? ನಿನ್ನ ಕೂಸಾಗಿದ್ರ ಕಟ್ಟಸ್ತಿದ್ದೇನು?" ಎಂದರು. ಶೀತಲ್, ಆ ಪ್ರಶ್ನೆಗೆ ನನ್ನ ಬಾಯಿಂದ ಆ ಕ್ಷಣ ಹೂಂ ಬರಲಿಲ್ಲ. ಅದನ್ನು ಬರೆಯಲಾರದೆ ಇಷ್ಟು ದಿನ ಸುಮ್ಮನಿದ್ದೆ. ಈಗ ಬರೆದಿದ್ದೇನೆ, ಇನ್ನು ನಿನ್ನ ಸರದಿ.

ಚೀಲದ ಅರ್ಥ ನನಗೆ ಗೊತ್ತಿತ್ತು. ಮೊದಲನೇ ಚೀಲ ಹೊರಟಾಗಲೇ ಗೊತ್ತಿತ್ತು. ನಿನ್ನ ಪತ್ರದಲ್ಲಿ ಉಪಕಾರ ಎಂದು ಓದಿ ನನ್ನ ಮುಖ ಸುಟ್ಟಿತು. ಬೇಡ ಎಂದರೆ ಅತ್ತೆ ಅದನ್ನೂ ನಿಲ್ಲಿಸುತ್ತಿದ್ದರು, ನಿನ್ನವ್ವ ಉಪವಾಸ ಬೀಳುತ್ತಿದ್ದರು. ಮರ್ಯಾದೆಯೋ ರೊಟ್ಟಿಯೋ ಎಂದು ಉದಗೀರಿನ ಎರಡಂತಸ್ತಿನ ಮನೆಯಲ್ಲಿ ಕೂತು ವಿಚಾರ ಮಾಡುವುದು ಸುಲಭ.

ಇನ್ನೊಂದು. ನಾನು "ನೋಡೂಣು" ಎಂದು ಬರೆದೆ. ನಮ್ಮತ್ತೆ ಬೇಡದ ಸೀರೆಗೂ, ಬೇಡದ ವರನಿಗೂ, ಬೇಡದ ಪಕ್ಷಕ್ಕೂ "ನೋಡೂಣು" ಎನ್ನುತ್ತಾರೆ. ಮುರುಮಿನಲ್ಲಿ ಹುಟ್ಟಿದ ನಿನಗೆ ಇದು ತಿಳಿಯದೇ? ತಿಳಿಯಬಾರದೆಂದು ಹಟ ಹಿಡಿದೆ. ಅವರು ಹೂಂ ಎಂದರೆಂದು ಗುರುದೇವನಿಗೆ ಹೇಳಿದವಳು ನೀನು. ಅವನನ್ನು ಆ ಕಟ್ಟೆಯ ಮೇಲೆ ಕೂರಿಸಿದವಳೂ ನೀನೇ.

ನಿನ್ನ ಕೊನೆಯ ಪತ್ರ ಬಂದ ಮೇಲೆ ನಾನು ಮುರುಮಿಗೆ ಹೋಗಿದ್ದೆ. ಕಾಲು ಹಿಡಿಯೋಣ ಎಂದೇ ಹೋದೆ. ಗುರುದೇವ ಹಿತ್ತಲಲ್ಲಿ ಕೂತಿದ್ದ. ನಾನು ಬಾಯಿ ಬಿಡುವ ಮೊದಲೇ, "ಅಳಬ್ಯಾಡ್ರಿ ಮೀನಲಕ್ಕಾ. ನಂದೂ ಕೆಲಸ ಆಗ್ಯಾದ. ನಮ್ಮಕ್ಕ ತನ್ನ ಕಾಲೇಜಿನಾಗ ಪುಸ್ತಕ ಹೊರೂ ಕೆಲಸ ನೋಡ್ಯಾಳ. ಪ್ರಿನ್ಸಿಪಾಲರಿಗಿ ಉಗಾದಿ ಆದಮ್ಯಾಲೇ ಹೇಳಿಟ್ಟಾಳಂತ" ಎಂದ.

ಉಗಾದಿ ಆದ ಮೇಲೆ! ನನಗೆ ಮೊದಲ ಪತ್ರ ಬರೆದದ್ದು ಜೂನಿನಲ್ಲಿ. ನಿಮ್ಮ ಮನೆ ಕರೆದರೆ ಯೆಣೆಗೂರು ಕರೆಯುತ್ತದೆ ಎಂದು ನನ್ನ ಮುಂದೆ ಸೆರಗೊಡ್ಡುವಾಗಲೇ, ಅವನು ಅಯ್ಯನ ಕೆಲಸಕ್ಕೆ ಬಾರನೆಂದು ನಿನ್ನ ಮನಸ್ಸು ತೀರ್ಮಾನ ಮಾಡಿ ಆಗಿತ್ತು. ನಮ್ಮತ್ತೆ ಅವನಿಂದ ಆಗದು ಅಂದರೆ ಹೂಳಿದಂತೆ, ನೀನು ಅಂದರೆ ಕಾಳಜಿ! ಅವರು ಕೊಟ್ಟದ್ದು ಧೋತರ, ನೀನು ಕೊಡುತ್ತಿರುವುದು ಜವಾನನ ಖಾಕಿ ಅಂಗಿ. ಬಟ್ಟೆ ಬೇರೆ, ಅಷ್ಟೇ.

ಕುಣಿಯ ಬಗ್ಗೆ ನೀನು ಬರೆಯಬೇಡ. ನೀನು ಅಲ್ಲಿರಲಿಲ್ಲ. ನಾನಿದ್ದೆ.

ಮೀನಲ


ಉದಗೀರ
೨೨ ಸೆಪ್ಟೆಂಬರ್ ೨೦೨೪

ಮೀನಲ,

ನಿನ್ನ ಪತ್ರವನ್ನು ಹರಿದು ಬಿಸಾಕಿ, ಮತ್ತೆ ಕೂಡಿಸಿಟ್ಟು ಓದಿದೆ.

ಹೌದು, ಪ್ರಿನ್ಸಿಪಾಲರನ್ನು ಕೇಳಿದ್ದೆ. ಗ್ರಂಥಾಲಯದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಪಾಟುಗಳ ನಡುವೆ ತಣ್ಣಗಿರಬಹುದು, ಯಾರೂ ಸಾಯುವುದಿಲ್ಲ, ಯಾರೂ ಹುಟ್ಟುವುದಿಲ್ಲ. ಎರಡನೇ ದಾರಿ ಇಟ್ಟುಕೊಳ್ಳುವುದು ತಪ್ಪೇ ಎಂದು ನಿನಗೆ ಬರೆಯಲು ಕೂತೆ. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಅದು ಎರಡನೇ ದಾರಿಯಂತೆ ಕಾಣಲಿಲ್ಲ, ಮೊದಲನೆಯದರಂತೆಯೇ ಕಂಡಿತು. ಬಟ್ಟೆ ಬೇರೆ, ಅಷ್ಟೇ ಎಂದು ನೀನು ಬರೆದದ್ದು ನಿಜ. ನಿಜವಾದದ್ದಕ್ಕೇ ನಿನ್ನ ಮೇಲೆ ಸಿಟ್ಟು ಇನ್ನೂ ಹೆಚ್ಚಾಗಿದೆ. ಇದು ನ್ಯಾಯವಲ್ಲ, ಗೊತ್ತು.

ನಿನ್ನೆ ನಿಲಂಗಾದಲ್ಲಿ ಅವನನ್ನು ನೇರ ಕೇಳಿದೆ: ಗುರುದೇವಾ, ನಿನಗೆ ಏನು ಮಾಡಬೇಕು ಅನ್ನಿಸುತ್ತದೆ? ಇಷ್ಟು ದಿನ ಕೇಳಿರಲಿಲ್ಲ ಎಂಬುದು ಕೇಳಿದ ಮೇಲೆ ಹೊಳೆಯಿತು. ಗುಳಿಗೆ ತೊಗೊಂಡೆಯಾ, ನಿದ್ದೆ ಬಂತಾ, ಊಟ ಆಯಿತಾ, ಇವಿಷ್ಟೇ ನಾನು ಕೇಳುತ್ತಿದ್ದದ್ದು.

ಅವನಿಗೆ ಸಿಟ್ಟು ಬಂತು. ಅದೂ ಹೊಸದು. "ಅಕ್ಕಾ, ಕೆಲಸ ನನಗ ಅದ. ಅಪ್ಪ ಕೊಟ್ಟು ಹೋಗ್ಯಾನ. ಅದು ಕೊಡ್ಲಿಕ್ಕಿ ನೀ ಯಾರು, ಕಸ್ಗೊಳ್ಲಿಕ್ಕಿ ರಂಭಾಬಾಯಿ ಯಾರು? ನೀವಿಬ್ರೂ ಕೂಡಿ ನನಗ ಕರೀಲಿ ಅಂತ ಕುಂತೀರಿ. ಭಿಕ್ಷಾಕ್ಕ ಹೋಗೂ ಅಯ್ಯಗ ಯಾರು ಕರೀತಾರ? ಅಂವಾ ತಾನೇ ಹೋಗ್ತಾನ."

ನನಗೆ ಹೊರಗೆ ಕೂರಲು ಹೇಳಿ, ಬೆಳಿಗ್ಗೆ ಏಳಲಾಗದ್ದಕ್ಕೆ ಏನು ಮಾಡಲಿ ಎಂದು ವೈದ್ಯರನ್ನು ತಾನೇ ಕೇಳಿದ. ರಾತ್ರಿಯ ಗುಳಿಗೆಯನ್ನು ಸ್ವಲ್ಪ ಬೇಗ ತೆಗೆದುಕೊಂಡರೆ ಬೆಳಿಗ್ಗೆ ಹಗುರಾಗುತ್ತದಂತೆ. ಇದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬಸ್ ಹತ್ತುವಾಗ, "ಚೀಲದ ಮಾತು ನೀವ್ಯಾರೂ ಆಡಬ್ಯಾಡ್ರಿ. ಅದು ನಾ ನೋಡ್ಕೋತೀನಿ" ಎಂದ. ಏನು ಮಾಡುತ್ತಾನೋ ಗೊತ್ತಿಲ್ಲ. ನನಗೆ ಹೆದರಿಕೆಯಾಗುತ್ತಿದೆ, ಹೆದರಿಕೆಯನ್ನು ತೋರಿಸಬಾರದು ಎಂಬುದೂ ತಿಳಿಯುತ್ತಿದೆ.

ಕುಣಿಯಲ್ಲಿ ನೀನು ಏನು ನೋಡಿದೆ?

ಶೀತಲ್


ಯೆಣೆಗೂರ
೨೧ ಅಕ್ಟೋಬರ್ ೨೦೨೪

ಶೀತಲ್,

ಹೋದ ಸೋಮವಾರ ಬಂದಿದ್ದ. ಫೋನಿನಲ್ಲಿ ನಿನಗೆ ಹೇಳಿದ್ದಾನೋ ಇಲ್ಲವೋ, ನಾನು ನೋಡಿದ್ದನ್ನು ನಾನು ಹೇಳುತ್ತೇನೆ.

ಬೆಳಗಿನ ಬಸ್ಸಿಗೆ ಬಂದ. ಕಾವಿ ರುಮಾಲು, ಹಣೆಗೆ ವಿಭೂತಿ, ಒಂದು ಹೆಗಲಿಗೆ ಜೋಳಿಗೆ. ಇನ್ನೊಂದು ಹೆಗಲ ಮೇಲೆ ನಾವು ಶ್ರಾವಣದಲ್ಲಿ ಕಳಿಸಿದ ಅದೇ ಚೀಲ, ಹೊಲಿಗೆ ಬಿಚ್ಚಿರಲಿಲ್ಲ. ಹೆದ್ದಾರಿಯ ಢಾಬಾದಿಂದ ನಮ್ಮ ಮನೆಯವರೆಗೆ ಹೊತ್ತು ನಡೆದಿದ್ದಾನೆ, ಊರೆಲ್ಲ ಹಿಂದೆ. ಬಾಗಿಲಲ್ಲಿ ಚೀಲ ಇಳಿಸಿ ಗಂಟೆ ಬಾರಿಸಿದ.

ಅತ್ತೆ ಹೊರಗೆ ಬಂದರು. "ಅಯ್ಯೋ ಅಯ್ಯನೋರ, ಒಳಗ ಬರ್ರಿ, ಕುಂದರ್ರಿ. ಚೀಲಾ ಯಾಕ ಹೊತ್ತು ತಂದ್ರಿ? ಜ್ವಾಳಾ ಹುಳಾ ಬಿತ್ತೇನು?"

"ಹುಳಾ ಬಿದ್ದಿಲ್ರಿ. ಪತ್ತಾ ತಪ್ಪಿ ಬಂದದ. ಇದು ಸತ್ತ ಅಯ್ಯನ ಮನಿಗಿ ಹೋಗೂದು. ನಾ ನೋಡಿದ್ರ ಜೀವಂತ ಅದೀನಿ."

ಯಾರೋ ಹಿಂದೆ ಕಿಸಕ್ಕೆಂದರು. ಅತ್ತೆಯ ಮುಖ ಕೆಂಪಾಯಿತು. "ಹಂಗ್ಯಾಕ ಅಂತೀರಿ? ನಿಮ್ಮ ಜೀವಕ್ಕ ಆರಾಮ ಆಗ್ಲಿ ಅಂತ ಕಳಿಸಿದೆ. ಪಾಪ ಅಂತ ಕಳಿಸಿದೆ."

"ಆರಾಮ ಭಾಳ ಆಯ್ತ್ರಿ ಯವ್ವಾ. ಆರಾಮ ಮಾಡಿ ಮಾಡಿ ಬ್ಯಾನಿ ಬಂದದ."

ಆಗ ಅತ್ತೆಗೆ ಖರೇ ಸಿಟ್ಟು ಬಂತು. ವರ್ಷದಿಂದ ಬಾಯೊಳಗಿದ್ದದ್ದು ಹೊರಗೆ ಬಿತ್ತು. "ಮತ್ತೊಮ್ಮಿ ಕುಣ್ಯಾಗ ಕುಂತ್ರ ಏನ್ ಮಾಡೂದ್ರಿ? ನಮ್ಮತ್ತಿ ಮಣ್ಣಿಗಿ ಹತ್ತೂರು ಮಂದಿ ಕೂಡಿತ್ತು. ಎಲ್ಲಾರ ಮುಂದ ನಮ್ಮ ಮನಿ ಮರ್ಯಾದಿ ಕುಣ್ಯಾಗ ಹಾಕಿದ್ರಿ."

ಗುರುದೇವ ಸ್ವಲ್ಪವೂ ದನಿ ಏರಿಸಲಿಲ್ಲ. "ಕುಂತ್ರ ಕೈ ಕೊಟ್ಟು ಎಬ್ಬಸ್ರಿ. ಅವತ್ತ ಅಷ್ಟು ಮಂದಿ ಮ್ಯಾಲ ನಿಂತಿದ್ರಿ. ಏಳ್ರಿ ಏಳ್ರಿ ಅಂತ ಒದರಿದ್ರಿ. ನನಗ ಕೇಳಸ್ತಿತ್ತು. ಕಾಲಾಗ ಜೀವ ಇರಲಿಲ್ಲ, ಏಳ್ಲಿಕ್ಕಿ ಬರಲಿಲ್ಲ. ಒಬ್ರರೆ ಕೈ ಚಾಚಿದ್ರೇನು?"

ನನ್ನ ಗಂಡ ಕಟ್ಟೆಯ ಮೇಲೆ ಕೂತು ತನ್ನ ಪಾದ ನೋಡುತ್ತಿದ್ದ.

ಕುಣಿಯಲ್ಲಿ ನಾನು ಏನು ನೋಡಿದೆ ಎಂದು ನೀನು ಕೇಳಿದ್ದೆ. ಅದನ್ನೇ ನೋಡಿದೆ. ಜನ ಕುಣಿಯ ಸುತ್ತ ನಿಂತು ಕೂಗುತ್ತಿದ್ದರು. ಮೊಬೈಲ್ ಹಿಡಿದ ಕೈಗಳು ಎಷ್ಟೋ ಕೆಳಗೆ ಚಾಚಿದ್ದವು, ಬರಿಗೈ ಒಂದೂ ಇರಲಿಲ್ಲ. ಮುರುಮಿನಿಂದ ನಿನ್ನವ್ವ ಬಂದು ಅಂಚಿನಲ್ಲಿ ಕೂತು ಅವನ ಹೆಸರು ಹಿಡಿದು ಕರೆಯುವವರೆಗೆ ಹಾಗೇ ಇತ್ತು. ನಾನು ಹೆಂಗಸರ ಸಾಲಿನಲ್ಲಿದ್ದೆ, ಹೆಂಗಸರು ಮುಂದೆ ಹೋಗಬಾರದು ಎಂದುಕೊಂಡು ನಿಂತೆ. ನಿನ್ನವ್ವನೂ ಹೆಂಗಸೇ ಅಲ್ಲವೇ?

ಸೋಮವಾರ ಮಾತ್ರ ನಿಲ್ಲಲಿಲ್ಲ. ಒಳಗೆ ಹೋಗಿ ಮೊರದ ತುಂಬ ಜೋಳ ತಂದೆ. "ಸೊಸೀ, ನಿಂದರು" ಎಂದರು ಅತ್ತೆ. ನೋಡೂಣು ಅಂದೆ ನಾನು. ಅವನು ಜೋಳಿಗೆಯ ಬಾಯಿ ಅಗಲಿಸಿ ಹಿಡಿದ. ಒಂದಿಷ್ಟು ಕಾಳು ಹೊಸ್ತಿಲ ಮೇಲೆ ಚೆಲ್ಲಿತು. "ಇರ್ಲಿಬಿಡ್ರಿ, ಕೋಳಿ ತಿಂತಾವ" ಎಂದ. ದೀಪಾಲಿ ಯಾರನ್ನೂ ಕೇಳದೆ ಕೂಸನ್ನು ತಂದು ಮುಂದೆ ಹಿಡಿದಳು, ಅವನು ಅದರ ಹಣೆಗೆ ವಿಭೂತಿ ಇಟ್ಟ. ಆಮೇಲೆ ಮುಂದಿನ ಮನೆಗೆ ಹೋದ. ವಿಮಲಾಬಾಯಿ ಹಾಕಿದಳು. ಅದರಾಚೆ ಮನೆಯವರು ಬಾಗಿಲು ಮುಚ್ಚಿಕೊಂಡರು. ಅವನು ಗಂಟೆ ಬಾರಿಸಿ, ಸ್ವಲ್ಪ ಹೊತ್ತು ನಿಂತು, ಮುಂದೆ ಹೋದ.

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ಕೈಯಡಿಗೆ ಬೇಡವೆಂದು ತಾವೇ ರೊಟ್ಟಿ ಬಡಿಯುತ್ತಾರೆ. ಮೊಣಕಾಲು ನೋಯುತ್ತದೆ. ನೋಯಲಿ. ಕಾರ್ಯಕ್ಕೆ ಇನ್ನೂ ಅವನನ್ನು ಕರೆದಿಲ್ಲ, ಕರೆಯುತ್ತಾರೆಂದು ನಾನು ಬರೆಯುವುದಿಲ್ಲ.

ನಿನ್ನ ಮೇಲಿನ ಸಿಟ್ಟೂ ಇಳಿದಿಲ್ಲ.

ಮೀನಲ


ಉದಗೀರ
೧೭ ನವೆಂಬರ್ ೨೦೨೪

ಪ್ರಿಯ ಮೀನಲ,

ಇಳಿಯದಿದ್ದರೆ ಇರಲಿ. ನನ್ನದೂ ಇದೆ. ಎರಡೂ ಇಟ್ಟುಕೊಂಡು ಬರೆಯೋಣ.

ಪ್ರಿನ್ಸಿಪಾಲರಿಗೆ ಕೆಲಸ ಬೇಡ ಎಂದು ಹೇಳಿದ್ದು ನಾನಲ್ಲ. ಗುರುದೇವನೇ ಫೋನ್ ಮಾಡಿ, ಉಪಕಾರ ಆಯ್ತ್ರಿ, ನನಗ ಬ್ಯಾರೆ ಡ್ಯೂಟಿ ಅದ ಅಂದನಂತೆ. ಅವರು ನನ್ನನ್ನು ಕರೆದು, ನಿಮ್ಮ ತಮ್ಮ ಎಲ್ಲಿ ಕೆಲಸಕ್ಕಿದ್ದಾರೆ ಎಂದು ಕೇಳಿದರು. ಮುರುಮಿನಲ್ಲಿ ಎಂದೆ.

ಬುಧವಾರ ಅವನು ನನಗೆ ಫೋನ್ ಮಾಡಿದ. ಮುರುಮಿನಲ್ಲಿ ನಮ್ಮ ಓಣಿಯ ಶಕುಂತಲಾಬಾಯಿ ತೀರಿಕೊಂಡಿದ್ದರು. ಮಗ ಜ್ಞಾನೇಶ್ವರ ಬಾಗಿಲಿಗೆ ಬಂದು ಕರೆದ. ವಿರೂಪಾಕ್ಷಯ್ಯ ಸೋಲಾಪುರಕ್ಕೆ ಹೋಗಿದ್ದರಂತೆ, ಅದಕ್ಕೇ ಕರೆದನೋ ಏನೋ. ಗುರುದೇವ ನಿಲಂಗಾದ ವೈದ್ಯರನ್ನು ಫೋನಿನಲ್ಲೇ ಕೇಳಿದ್ದ. ನಿನಗೆ ಆಗುತ್ತದೆ ಅನಿಸಿದರೆ ಹೋಗು, ಜೊತೆಗೆ ನಿನ್ನವರು ಒಬ್ಬರಿರಲಿ ಎಂದರಂತೆ. "ಬರ್ತೀ ಏನಕ್ಕಾ?" ಎಂದ. ಬೇಡ ಎನ್ನಲು ನನ್ನ ಬಾಯಿ ತೆರೆದಿತ್ತು. ಬರುತ್ತೇನೆ ಎಂದೆ.

ನಾನು ಹೆಂಗಸರ ಸಾಲಿನಲ್ಲಿ ನಿಲ್ಲಲಿಲ್ಲ. ಕುಣಿಯ ಅಂಚಿಗೇ ಹೋಗಿ ನಿಂತೆ. ಒಬ್ಬ ಹಿರಿಯರು ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡರು, ನಾನೂ ಅವರನ್ನೇ ನೋಡಿ ಸರಿಮಾಡಿಕೊಂಡೆ. ಗುರುದೇವ ಕೆಳಗಿಳಿದ ಕೂಡಲೇ ಜನ ಮುಂದೆ ಒತ್ತಿ ಬಂದರು. ಸಾವಿಗೆ ಬಂದವರಲ್ಲ ಅವರು, ಅವನು ಮತ್ತೆ ಕೂರುತ್ತಾನಾ ನೋಡಲು ಬಂದವರು. ನನ್ನ ಪಕ್ಕದವನು ಮೊಬೈಲ್ ಎತ್ತಿದ. ಆ ಕೈಯನ್ನು ಹಿಡಿದು ಕೆಳಗೆ ಇಳಿಸಿದೆ. ಜೋರಾಗಿಯೇ ಇಳಿಸಿರಬೇಕು, ಮೊಬೈಲು ಮಣ್ಣಿನ ಗುಡ್ಡೆಗೆ ಬಿತ್ತು. ನಾನು ಎತ್ತಿ ಕೊಡಲಿಲ್ಲ.

ಕೆಳಗೆ ಅವನು ವಿಭೂತಿ ಹಚ್ಚಿದ, ಪತ್ರಿ ಏರಿಸಿದ, ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೀರು ಬಿಟ್ಟ. ಆಮೇಲೆ ಮೊಣಕಾಲೂರಿ ಕೂತ. ಕೂತೇ ಇದ್ದ. ಹಿಂದೆ ಗುಸುಗುಸು ಶುರುವಾಯಿತು. ಏಳು ಎಂದು ಕೂಗಬಾರದು ಎಂದು ಹಲ್ಲು ಕಚ್ಚಿ, ಅಂಚಿನಲ್ಲಿ ಮೊಣಕಾಲೂರಿ, ಆದಷ್ಟು ಬಗ್ಗಿ, ಕೈ ಚಾಚಿದೆ.

ಅವನು ತಲೆಯೆತ್ತಿ ಮೊದಲು ನನ್ನ ಕೈ ನೋಡಿದ, ಆಮೇಲೆ ನನ್ನ ಮುಖ.

"ಅಕ್ಕಾ, ಹಿಂದಕ್ಕ ಸರಿ. ನಿನ್ನ ಕಾಲಾಗಿನ ಮಣ್ಣು ಒಳಗ ಬೀಳ್ಲತ್ತದ. ನಂದು ಇನ್ನಾ ಮುಗದಿಲ್ಲ."

ನಾನು ಸರಿದೆ.

ನಿನ್ನ
ಶೀತಲ್